ಬರ್ತೀನಿ ಅಂದರೆ ಬೈಯುವ ಯಂತ್ರ

ಹಗರಿಬೊಮ್ಮನಹಳ್ಳಿಯ ಒಂದು ಬೀಜದ ಗೋದಾಮಿಗೆ ಹೊಸ ಕಂಪ್ಯೂಟರ್ ಕೂಡಿಸಲು ಹೋಗಿದ್ದೆ. ಅಲ್ಲಿದ್ದ ಹಳೆಯದರಲ್ಲಿ ಚಿತ್ರವಿಲ್ಲ, ಮೌಸ್ ಇಲ್ಲ; ಕಪ್ಪು ಪರದೆ, ಹಸಿರು ಅಕ್ಷರ, ಮಿಣುಕುವ ಒಂದು ಗೆರೆ, ಅಷ್ಟೇ. ಅದರ ಮುಂದೆ ಗುಮಾಸ್ತೆ ಕೊಟ್ರಮ್ಮ ಒಬ್ಬರೇ ಕೂತು ದಿನವಿಡೀ ಚೀಲಗಳ ನಂಬರು ಹೊಡೆಯುತ್ತಿದ್ದರು.

ಸಂಜೆ ಕೆಲಸ ಮುಗಿಸಿ ಏಳುವ ಮುಂಚೆ ಅವರು ಇಂಗ್ಲಿಷ್ ಅಕ್ಷರಗಳಲ್ಲಿ ‘ಬರ್ತೀನಿ’ ಎಂದು ಟೈಪ್ ಮಾಡಿದರು. ‘ಬ್ಯಾಡ್ ಕಮಾಂಡ್’ ಎಂದಿತು ಪರದೆ. ಆಮೇಲೆ ಸ್ವಿಚ್ ಆರಿಸಿದರು.

“ಅದಕ್ಕೆ ಆ ಮಾತು ತಿಳಿಯಲ್ಲ ಮೇಡಂ, ತಪ್ಪು ಅಂತಿದೆ” ಎಂದೆ, ದೊಡ್ಡ ತಜ್ಞನ ಹಾಗೆ.

“ಗೊತ್ತೈತ್ರಿ. ಹೇಳದ ಎದ್ದು ಹೋಗಬಾರದಲ್ರಿ? ಇಲ್ಲಿ ಹೇಳಾಕ ಇನ್ಯಾರದಾರ? ಬೈದರ ಬೈಲಿ, ಏನರ ಅಂತೈತಲ್ಲ.”

ಮರುದಿನ ಹೊಸದನ್ನು ಹಚ್ಚಿದೆ. ನೀಲಿ ಆಕಾಶ, ಹಸಿರು ಗುಡ್ಡ. ಕೊಟ್ರಮ್ಮ ಮೌಸ್ ಹಿಡಿದು ಪರದೆಯ ತುಂಬ ಹುಡುಕಿದರು.

“ಚಂದ ಐತ್ರಿ. ಇದರಾಗ ಎಲ್ಲಿ ಹೇಳ್ಬೇಕು?”

ಕಮಾಂಡ್ ಬರೆಯುವ ಕಪ್ಪು ಕಿಟಕಿ ಇದರೊಳಗೂ ಎಲ್ಲೋ ಅಡಗಿತ್ತು. ಹುಡುಕಿ ತೆಗೆದುಕೊಟ್ಟೆ. ಅವರು ಬರೆದರು. ಅದು ಹಳೆಯದಕ್ಕಿಂತ ಉದ್ದಕ್ಕೆ ಬೈದಿತು.

“ಇದು ಇನ್ನೂ ಜಾಸ್ತಿ ಮಾತಾಡತೈತ್ರಿ!” ಕೊಟ್ರಮ್ಮನ ಮುಖ ಅರಳಿತು.

ಆಗ ನನಗೆ ನಗು ಬಂದಿತ್ತು. ಈಗ ಮನೆಯಲ್ಲಿ ನಾನೂ ಒಬ್ಬನೇ. ಬೆಳಿಗ್ಗೆ ಬೀಗ ಹಾಕುವ ಮುಂಚೆ ಕಪ್ಪು ಕಿಟಕಿ ತೆರೆದು ‘ಬರ್ತೀನಿ’ ಎಂದು ಬರೆದು, ಬೈಸಿಕೊಂಡು ಹೊರಡುತ್ತೇನೆ. ಅದನ್ನು ಮುಚ್ಚುವ ಸರಿಯಾದ ಕಮಾಂಡ್ ನನಗೆ ಗೊತ್ತಿಲ್ಲವೆಂದಲ್ಲ. ಸರಿಯಾದದ್ದನ್ನು ಬರೆದರೆ ಅದು ಒಂದು ಮಾತೂ ಆಡದೆ ಮುಚ್ಚಿಕೊಳ್ಳುತ್ತದೆ.