ಗಂಟು ಹಾಕುವ ಊರಿಗೆ ಹುಕ್ಕು ಹೊತ್ತು ಬಂದವಳು

“ಮಕ್ಕಳಿಲ್ಲ ಅಂತ ಹೇಳಿ ಮನಿ ಹಿಡಿದ್ರಿ. ಮತ್ತ ಈ ಪರಕರ ಯಾರವು?”

ಹುಬ್ಬಳ್ಳಿಗೆ ಬಂದ ಮೂರನೆಯ ದಿನ ಬೆಳಿಗ್ಗೆ ಕಮರಿಪೇಟೆಯ ಬಾಡಿಗೆ ಮನೆಯ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸಿ ಹೀಗೆ ಕೇಳಿದವರು ಮನೆಯೊಡತಿ ಗಂಗವ್ವ. ಅವರ ಬೆರಳು ಬಟ್ಟೆಯ ಹಗ್ಗದತ್ತ ಚಾಚಿತ್ತು. ಅಲ್ಲಿ ನನ್ನ ನಾಲ್ಕು ಒಳಲಂಗಗಳು, ಮೂರು ಬಿಳಿಯವು ಒಂದು ಗುಲಾಬಿಯದು, ಗಾಳಿಗೆ ಹೊಟ್ಟೆಯುಬ್ಬಿಸಿಕೊಂಡು ಕುಣಿಯುತ್ತಿದ್ದವು. ಈ ಊರಿನಲ್ಲಿ ಪರಕರವೆಂದರೆ ಮದುವೆಯಾಗದ ಹುಡುಗಿಯರು ತೊಡುವ ಲಂಗ. ನಾನು ನಾಲ್ಕು ಹೆಣ್ಣುಮಕ್ಕಳನ್ನು ಕೋಣೆಯಲ್ಲಿ ಬಚ್ಚಿಟ್ಟುಕೊಂಡಿದ್ದೇನೆಂದೇ ಗಂಗವ್ವನವರು ತೀರ್ಮಾನಿಸಿದ್ದರು.

“ಅವು ನನ್ನವೇ. ಸೀರೆ ಒಳಗೆ ಹಾಕಿಕೊಳ್ಳೋದು,” ಎಂದೆ ಮೆಲ್ಲಗೆ.

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಒಳಗಿದ್ದ ಸೊಸೆಯನ್ನು ಕೂಗಿದರು. “ನೀಲವ್ವಾ, ಬಾ ಇಲ್ಲೆ! ಮೈಸೂರಾಗ ಲಗ್ನಾದವರೂ ಪರಕರ ಹಾಕ್ಕೋತಾರಂತ. ಅದರ ಮ್ಯಾಲ ಮತ್ತ ಸೀರಿ ಅಂತ! ಬ್ಯಾಸಗ್ಯಾಗ ಕುದ್ದು ಹೋಗೂದಿಲ್ಲೇನ್ರಿ ನೀವು?”

ಮೈಸೂರಿನ ಸೋದರಿಯರೇ, ಹರಿಹರದ ಹೊಳೆ ದಾಟಿದರೆ ಸರ್ಕಾರವೇ ಬೇರೆ, ಅದು ಮುಂಬಯಿ ಇಲಾಖೆ ಎಂದು ಭೂಗೋಳದ ಪಾಠದಲ್ಲಿ ಓದಿದ್ದೆ. ಸೀರೆಯ ಒಳಗಿನ ಕಾನೂನೂ ಅಲ್ಲಿಂದಲೇ ಬದಲಾಗುತ್ತದೆಂದು ಯಾವ ಮೇಡಂ ಕೂಡ ಹೇಳಿಕೊಟ್ಟಿರಲಿಲ್ಲ. ನನ್ನವರಿಗೆ ರೈಲ್ವೆ ಕಚೇರಿಯಲ್ಲಿ ಗುಮಾಸ್ತೆ ಕೆಲಸವಾಗಿ ನಾವು ಬಂದದ್ದು ಎರಡು ಟ್ರಂಕು, ಒಂದು ಹಾಸಿಗೆ ಸುರುಳಿ ಮತ್ತು ನನ್ನ ಕೈಹೊಲಿಗೆಯಂತ್ರದೊಂದಿಗೆ. ಶಾಲೆಯ ಹೊಲಿಗೆ ತರಗತಿಯಲ್ಲಿ ನಾನು ಮೊದಲನೆಯವಳು. ಆ ಹೆಮ್ಮೆಯೂ ಟ್ರಂಕಿನಲ್ಲೇ ಬಂದಿತ್ತು.

ನಮ್ಮ ಕಡೆ ಆರು ಗಜದ ವಾಯಿಲ್ ಸೀರೆ. ಅದು ನಿಲ್ಲುವುದು ಒಳಲಂಗದ ಲಾಡಿಯ ಮೇಲೆ. ಎದೆಗೆ ಒಳಗೊಂದು ಬಾಡೀಸು, ಮೇಲೆ ಹುಕ್ಕಿನ ಜಾಕೀಟು, ಸೆರಗಿಗೊಂದು ಪಿನ್ನು, ತಲೆಗೆ ನಾಲ್ಕು ಪಿನ್ನು. ಇಲ್ಲಿಯವರಿಗೆ ಇದಾವುದೂ ಬೇಡ. ದಪ್ಪನೆಯ ಇಳಕಲ್ ಸೀರೆ ಎಂಟು ಒಂಬತ್ತು ಗಜ ಸುತ್ತಿ, ಸೊಂಟದಲ್ಲಿ ಒಂದು ಗಂಟು ಬಿಗಿದು ನಿರಿಗೆ ಸಿಕ್ಕಿಸಿದರೆ ಮುಗಿಯಿತು. ಒಳಸುತ್ತೇ ಒಳಲಂಗ. ಮೇಲೆ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಬಸ, ನಮ್ಮ ಮಾತಿನಲ್ಲಿ ಕುಪ್ಪಸ. ಖಣವೆಂದರೆ ಸರಿಯಾಗಿ ಒಂದು ಕುಬಸಕ್ಕಾಗುವಷ್ಟೇ ನೇಯ್ದ ಅಂಚಿನ ಬಟ್ಟೆ. ಅದಕ್ಕೆ ಹುಕ್ಕಿಲ್ಲ, ಗುಂಡಿಯಿಲ್ಲ. ಮುಂದಿನ ಎರಡು ತುದಿಗಳನ್ನು ಎದೆಯ ಕೆಳಗೆ ಎಳೆದು ಗಂಟು ಹಾಕುತ್ತಾರೆ. ಮೊದಮೊದಲು ಅದು ನನಗೆ ಒರಟಾಗಿ ಕಂಡಿತು. ಗಂಟು ಹಾಕುವುದು ಅಕ್ಕಿ ಮೂಟೆಗೆ ಎಂದು ನನ್ನವರ ಮುಂದೆ ಅಂದು ನಕ್ಕಿದ್ದೆ.

ನಕ್ಕಿದ್ದಕ್ಕೆ ಆಷಾಢದ ಗಾಳಿ ಶಾಸ್ತಿ ಮಾಡಿತು. ಹುಬ್ಬಳ್ಳಿಯ ಆ ಗಾಳಿಗೆ ಸಜ್ಜನಿಕೆಯೆಂಬುದೇ ಇಲ್ಲ. ತರಕಾರಿ ಪೇಟೆಯ ಮೂಲೆಯಲ್ಲಿ ನನ್ನ ವಾಯಿಲ್ ಸೆರಗು ಪಿನ್ನು ಕಿತ್ತುಕೊಂಡು ಪಕ್ಕದ ಬದನೆಕಾಯಿ ಬುಟ್ಟಿಯ ಮೇಲೆ ಹೋಗಿ ಕುಳಿತಿತು. ಜೊತೆಗೆ ಬಂದಿದ್ದ ಗಂಗವ್ವನ ಇಳಕಲ್ಲು ಗೋಡೆಯಂತೆ ನಿಂತಿತ್ತು. ಸೆರಗನ್ನು ಎಳೆದು ನನ್ನ ತಲೆಯ ಮೇಲೆ ಹೊದಿಸುತ್ತಾ ಅವರು, “ನಿಮ್ಮೂರಾಗ ಗಾಳಿ ಬೀಸೂದಿಲ್ಲೇನ್ರಿ?” ಎಂದರು. ಬೀಸುತ್ತದೆ, ಆದರೆ ಕೇಳಿಕೊಂಡು ಬೀಸುತ್ತದೆ ಎಂದೆ. ಬದನೆಕಾಯಿ ಮಾರುವವಳು ನಕ್ಕಳು. ಈ ಊರಿನಲ್ಲಿ ನನ್ನ ತಮಾಷೆಗೆ ಯಾರಾದರೂ ನಕ್ಕದ್ದು ಅದೇ ಮೊದಲು, ನನಗೆ ಎಷ್ಟು ಸಂತೋಷವಾಯಿತೆಂದರೆ ಬೇಕಿಲ್ಲದಿದ್ದರೂ ಇನ್ನೊಂದಿಷ್ಟು ಬದನೆಕಾಯಿ ಕೊಂಡೆ.

ಯಾಕೆಂದರೆ ಒಂಟಿತನ ನಿಜವಾಗಿಯೂ ಇತ್ತು. ನನ್ನವರು ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಹಗಲೆಲ್ಲ ಅಂಗಳದಾಚೆ ರೊಟ್ಟಿ ಬಡಿಯುವ ಸದ್ದು. ‘ಛಲೋ’ ಎಂದರೆ ಚೆನ್ನಾಗಿದೆ, ‘ಲಗೂ’ ಎಂದರೆ ಬೇಗ, ‘ಖರೇ’ ಎಂದರೆ ನಿಜ, ಇಷ್ಟನ್ನು ಬಾಯಿಪಾಠ ಮಾಡಿಕೊಂಡೆ. ಅವರು “ಬರ್ರಿ” ಎನ್ನುವ ಕಡೆ ನಾನು “ಬನ್ನಿ” ಎಂದರೆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು. ನಮ್ಮದೂ ಕನ್ನಡ ಅವರದೂ ಕನ್ನಡ, ಆದರೂ ಮಧ್ಯಾಹ್ನವೆಲ್ಲ ನಾನು ಮೂಕಿಯಾಗಿ ಕೂತು ಅಮ್ಮನನ್ನು ನೆನೆದು ಅಳುತ್ತಿದ್ದೆ. ಅಳು ನಿಂತ ಮೇಲೆ ಏನಾದರೂ ಹೊಲಿಯುತ್ತಿದ್ದೆ.

ಆ ಹೊಲಿಗೆಯ ಸದ್ದು ಕೇಳಿ ಒಂದು ಮಧ್ಯಾಹ್ನ ಬಾಗಿಲಲ್ಲಿ ನಿಂತವಳು ನೀಲವ್ವ. ಗಂಗವ್ವನ ಸೊಸೆ, ನನಗಿಂತ ಎರಡು ವರ್ಷ ಚಿಕ್ಕವಳು, ಆಗ ಐದು ತಿಂಗಳ ಬಸುರಿ. ಅತ್ತೆ ಮಲಗಿದ್ದಾರೆಂದು ತಿರುಗಿ ನೋಡಿ ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದಳು.

“ಅಕ್ಕಾರ, ಸೀರಿ ಗಂಟು ಹೊಟ್ಟಿಗೆ ಒತ್ತತೈತ್ರಿ. ಸಡ್ಲ ಮಾಡಿದ್ರ ಸೀರಿ ಜಾರತೈತಿ. ನಿಮ್ಮ ಆ ಪರಕರದಾಗ ಏನರ ಆದೀತೇನ್ರಿ?”

ಆದೀತೇನು, ಆಗೇ ಆಗುತ್ತದೆ ಎಂದೆ. ನನ್ನ ಮೈಮೇಲೆ ಸರಸ್ವತಿಯೇ ಬಂದಂತಾಯಿತು! ಮೆತ್ತನೆಯ ಮಲ್ಲು ಬಟ್ಟೆ ತೆಗೆದು, ಸೊಂಟಕ್ಕೆ ನಾಲ್ಕು ಬೆರಳಗಲದ ಪಟ್ಟಿಯಿಟ್ಟು, ಅಗಲ ಲಾಡಿ ಹಾಕಿ, ಹೊಟ್ಟೆಯ ಮೇಲ್ಗಡೆ ಹಗುರಾಗಿ ಕಟ್ಟುವಂತೆ ಒಂದು ಒಳಲಂಗ ಹೊಲಿದೆ. ಪಟ್ಟಿ ಅಗಲವಿದ್ದರೆ ಭಾರ ಒಂದೇ ಗೆರೆಯಲ್ಲಿ ಕೊರೆಯುವುದಿಲ್ಲ. ಬಸುರಿಯರಷ್ಟೇ ಅಲ್ಲ, ನೀವೂ ಮಾಡಿ ನೋಡಿ, ಸಂಜೆಯ ಹೊತ್ತಿಗೆ ಸೊಂಟದ ಸುತ್ತ ಬೀಳುವ ಆ ಕೆಂಪು ಬರೆ ಮಾಯವಾಗುತ್ತದೆ. ನೀಲವ್ವ ಇಳಕಲ್ ಸೀರೆಯನ್ನು ಅದರ ಮೇಲೆ ಸುತ್ತಿಕೊಂಡು ಅಂಗಳದಲ್ಲಿ ಅಡ್ಡಾಡಿದಳು. ನಡಿಗೆಯೇ ಬದಲಾಗಿತ್ತು. ಒಳಗಿನದು ಸರಿಯಾಗಿದ್ದರೆ ಹೊರಗಿನದು ಹೇಳಿದ ಮಾತನ್ನು ತಾನಾಗಿ ಕೇಳುತ್ತದೆ.

ಗಂಗವ್ವನ ಕಣ್ಣು ತಪ್ಪಿಸುವುದು ಸಾಧ್ಯವೇ? ಎರಡೇ ದಿನದಲ್ಲಿ ಪತ್ತೆಯಾಯಿತು. ಬೈಗುಳಕ್ಕೆ ನಾನು ತಲೆ ತಗ್ಗಿಸಿ ನಿಂತಿದ್ದರೆ ಅವರು ಲಾಡಿ ಎಳೆದು ನೋಡಿ, ಪಟ್ಟಿ ಮುಟ್ಟಿ ನೋಡಿ, “ಛಲೋ ಐತಿ” ಎಂದರು. ಒಂದು ವಾರದ ಮೇಲೆ ಒಂದು ಬಟ್ಟೆಯ ಗಂಟು ಹಿಡಿದು ನನ್ನ ಕೋಣೆಗೇ ಬಂದರು.

ಗಂಟಿನಲ್ಲಿ ಬೇವಿನೆಲೆ, ಅದರ ನಡುವೆ ಮಡಿಸಿಟ್ಟ ಹಸಿರು ಖಣ. “ಇದು ನೀಲವ್ವನ ಅವ್ವ ಇಟ್ಟದ್ದು. ಮಗಳ ಕುಬಸಕ್ಕಂತ ಲಗ್ನದಾಗ ತಗೊಂಡಿದ್ಲಂತ. ಮುಂದ ಆರು ತಿಂಗಳಿಗೆ ಹೋಗಿಬಿಟ್ಲು, ಪಾಪ. ಅಪ್ಪನೂ ಇಲ್ಲ. ಆಕಿಗೆ ತವರು ಅಂದ್ರ ಇದೊಂದ ಬಟ್ಟಿ ನೋಡವ್ವಾ. ನೀನ ಹೊಲದು ಕೊಡು.”

ನಮ್ಮಲ್ಲಿ ಸೀಮಂತ ಎನ್ನುತ್ತೇವಲ್ಲ, ಅದಕ್ಕೆ ಇಲ್ಲಿ ಹೆಸರೇ ‘ಕುಬಸ’. ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ, ಹಸಿರು ಬಳೆ, ತೌರಿನಿಂದ ಬಂದ ಹಸಿರು ಕುಬಸ ತೊಡಿಸಿ ಉಡಿ ತುಂಬುತ್ತಾರೆ. ಒಂದು ತುಂಡು ಉಡುಪಿನ ಹೆಸರನ್ನೇ ಹಬ್ಬಕ್ಕಿಟ್ಟ ಊರು ಇದು. ಅಂಥ ಬಟ್ಟೆ ನನ್ನ ಕೈಗೆ ಬಂತು, ಅದೂ ‘ನೀವು’ ಹೋಗಿ ‘ನೀನು’ ಆಗಿ ಬಂತು. ನಾನು ನೆಲದ ಮೇಲೆ ನಡೆಯುತ್ತಿರಲಿಲ್ಲ.

ಇನ್ನೂ ಒಂದೂವರೆ ತಿಂಗಳಿತ್ತು. ಟೇಪು ಹಿಡಿದು ನೀಲವ್ವನ ಅಳತೆ ತೆಗೆದೆ. ಎರಡು ಬೆರಳು ಸಡಿಲ ಬಿಟ್ಟೆ, ಅದೇ ಧಾರಾಳ ಎಂದುಕೊಂಡೆ. ಬುಗ್ಗೆ ತೋಳು, ದುಂಡು ಕುತ್ತಿಗೆ, ಒಳಗೆ ಅಸ್ತರಿ, ಮುಂದುಗಡೆ ಆರು ಹುಕ್ಕು. ಗಂಟಿಗೆಂದು ಖಣದ ತುದಿಯಲ್ಲಿ ಇರುವ ಹೆಚ್ಚಿನ ಬಟ್ಟೆ ಅಂದಗೆಡಿಸುತ್ತದೆಂದು ಕತ್ತರಿಸಿ ತೆಗೆದೆ. ಚೂರುಗಳು ಒಲೆ ಹಚ್ಚಲು ಹೋದವು. ಮುಗಿಯುವವರೆಗೆ ಯಾರಿಗೂ ತೋರಿಸಲಿಲ್ಲ. ಹುಬ್ಬಳ್ಳಿಯವರು ನೋಡಲಿ, ಹೊಲಿಗೆಯೆಂದರೆ ಏನೆಂದು!

ಕುಬಸದ ಹಿಂದಿನ ದಿನ ಬೆಳಿಗ್ಗೆ ತೊಡಿಸಿ ನೋಡಿದೆವು. ಹುಕ್ಕು ಒಂದು ಕಡೆ, ಕುಣಿಕೆ ಒಂದು ಕಡೆ, ನಡುವೆ ನಾಲ್ಕು ಬೆರಳು ಬಯಲು. ಒಂದೂವರೆ ತಿಂಗಳಲ್ಲಿ ಬಸುರಿಯ ಮೈ ತುಂಬುತ್ತದೆಂಬುದು ನನ್ನ ಟೇಪಿಗೆ ಗೊತ್ತಿರಲಿಲ್ಲ, ಮಕ್ಕಳನ್ನು ಹೆರದ ನನಗೂ ಹೊಳೆಯಲಿಲ್ಲ. ನೀಲವ್ವ ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆದು ನೋಡಿದಳು. ಗಂಗವ್ವ ಬಗ್ಗಿ, ಮುಂದಿನ ಅಂಚನ್ನು ತಡವಿ, ಕೇಳಿದರು. “ಗಂಟೆಲ್ಲೈತಿ?”

ಕತ್ತರಿಸಿದೆ ಎಂದೆ.

“ಕತ್ತರಿಸಿದ್ದು ಎಲ್ಲೈತಿ?”

ಒಲೆಗೆ ಹೋಯಿತು ಎಂದೆ. ನೀಲವ್ವ ಅಳಲಿಲ್ಲ. ಕುಬಸ ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಕೈಯಿಟ್ಟು ಕುಳಿತಳು. ಅತ್ತಿದ್ದರೆ ನಾನು ತಾಳಿಕೊಳ್ಳುತ್ತಿದ್ದೆ.

ಗಂಗವ್ವ ಕೂಗಾಡಲಿಲ್ಲ. “ಹೆಂಗಸಿನ ಮೈ ಏನ ಕಂಬ ಐತೇನವ್ವಾ, ಒಮ್ಮೆ ಅಳದು ಬಿಡಾಕ? ಏರತೈತಿ, ಇಳೀತೈತಿ, ಹಡೀತೈತಿ, ಹಾಲುಣಸತೈತಿ. ಅದಕ್ಕ ಗಂಟು ಇಡೂದು. ಬೇಕಾದಾಗ ಬಿಗಿ, ಬ್ಯಾಡಾದಾಗ ಸಡ್ಲ,” ಎಂದಷ್ಟೇ ಹೇಳಿ ಒಳಗೆ ಹೋದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನಂತೂ ನೆಲವನ್ನು ದೂರುವಂತೆಯೂ ಇರಲಿಲ್ಲ. ಅಂಗಡಿಯಲ್ಲಿ ಹಸಿರು ಖಣ ಬೇಕಾದಷ್ಟಿದ್ದವು. ಸತ್ತ ತಾಯಿ ಕೈಯಾರೆ ಆರಿಸಿಟ್ಟದ್ದು ಯಾವ ಅಂಗಡಿಯಲ್ಲಿ ಸಿಕ್ಕೀತು?

ಕೋಣೆಗೆ ಬಂದು ಟ್ರಂಕು ತೆರೆದೆ. ನನ್ನ ಮದುವೆಗೆ ಅಮ್ಮ ಹೊಲಿಸಿದ ಗಿಣಿಹಸಿರು ಮೈಸೂರು ರೇಷ್ಮೆಯ ರವಿಕೆ ಅದರಲ್ಲಿತ್ತು. ಎರಡೇ ಸಲ ತೊಟ್ಟದ್ದು. ಮೂಗಿಗೆ ಹಿಡಿದರೆ ಇನ್ನೂ ನಮ್ಮ ಮನೆಯ ವಾಸನೆ. ಕತ್ತರಿ ಹಿಡಿದು ಎಷ್ಟು ಹೊತ್ತು ಕುಳಿತಿದ್ದೆನೋ, ಆಮೇಲೆ ಕಣ್ಣು ಮುಚ್ಚಿಕೊಂಡು ಬೆನ್ನಿನ ಹೊಲಿಗೆಗೆ ಕತ್ತರಿ ಹಾಕಿದೆ.

ಆರು ಹುಕ್ಕುಗಳನ್ನು ಬಿಚ್ಚಿ, ಕಂಕುಳ ಕೆಳಗೆ ಎರಡು ಕಡೆ ರೇಷ್ಮೆಯ ಪಟ್ಟಿ ಕೂಡಿಸಿದೆ. ಮುಂದೆ ಗಂಟಿಗೆ ಎರಡು ಉದ್ದನೆಯ ತುದಿಗಳನ್ನು ಇಳಿಬಿಟ್ಟೆ. ನಡುವೆ ಯಾವಾಗಲೋ ಗಂಗವ್ವ ಬಂದು ಪಕ್ಕದಲ್ಲಿ ಕುಳಿತಿದ್ದರು. ನೋಡಿದರು, ನನ್ನ ರವಿಕೆಯ ಉಳಿದ ತೋಳನ್ನು ಎತ್ತಿ ನೋಡಿದರು, ಮದುವೆಗೆ ಅಮ್ಮ ಹೊಲಿಸಿದ್ದು ಎಂದು ನಾನೆಂದ ಮೇಲೆ ಸೂಜಿಗೆ ದಾರ ಪೋಣಿಸಿಕೊಟ್ಟರು. ಸಂಜೆ ನನ್ನವರು ಬಂದು ಅಡಿಗೆಯೇನೆಂದು ಕೇಳಿದ್ದಕ್ಕೆ ಅವರೇ ಉತ್ತರ ಕೊಟ್ಟರು. “ಇವತ್ತ ನಮ್ಮ ಮನ್ಯಾಗ ರೊಟ್ಟಿ ತಿನ್ನಬರ್ರಿ. ಆಕಿ ಕೈ ಬಿಡುವಿಲ್ಲ.”

ಮರುದಿನ ಬೆಳಿಗ್ಗೆ ಅಂಗಳ ತುಂಬ ಹೆಂಗಸರು. ನೀಲವ್ವ ಹಸಿರು ಸೀರೆ, ಹಸಿರು ಬಳೆಯಲ್ಲಿ ಮಣೆಯ ಮೇಲೆ ಕುಳಿತಿದ್ದಳು. ಕುಬಸ ತೊಡಿಸಿದರು. ತೋಳು ಹಿಡಿಸಿತು, ಬೆನ್ನು ಹಿಡಿಸಿತು, ಪಟ್ಟಿ ಸೇರಿಸಿದ ಜಾಗ ಉಸಿರಾಡಿದಂತೆ ಹಿಗ್ಗಿತು. ಇನ್ನು ಗಂಟು ಹಾಕಬೇಕು. ಕುಬಸದ ಗಂಟನ್ನು ತೌರಿನವರೇ ಹಾಕಬೇಕಂತೆ. ಗದಗಿನಿಂದ ಬರಬೇಕಾಗಿದ್ದ ಚಿಕ್ಕಮ್ಮ ಜ್ವರವೆಂದು ಹೇಳಿಕಳಿಸಿದ್ದಳು.

ಯಾರೋ ಮುದುಕಿ, “ಅತ್ತೀನ ಹಾಕಲಿ ಬಿಡ್ರಿ,” ಎಂದಳು.

“ಅತ್ತಿ ಹೆಂಗ ತವರಾಕಿ ಅಕ್ಕಾಳ?” ಎಂದು ಗಂಗವ್ವ ಎದ್ದು ಬಂದು ನನ್ನ ರಟ್ಟೆ ಹಿಡಿದು ಮುಂದೆ ತಂದರು. “ತನ್ನ ಅವ್ವ ಕೊಟ್ಟ ಬಟ್ಟಿ ಹರದು ಈಕಿಗೆ ಹೊಲದಾಳ. ಇದಕ್ಕಿಂತ ತವರು ಬೇಕೇನ? ಹಾಕವ್ವಾ ಗಂಟು.”

ಸೋದರಿಯರೇ, ನನಗೆ ಆ ಗಂಟು ಹಾಕಲು ಬರುತ್ತಿರಲಿಲ್ಲ. ಹುಟ್ಟಿದಾರಭ್ಯ ಹುಕ್ಕು ಹಾಕಿದ ಕೈ. ಮೊದಲ ಸಲ ಜಾರಿತು, ಎರಡನೆಯ ಸಲ ಸೊಟ್ಟಗಾಯಿತು, ಹೆಂಗಸರು ಗೊಳ್ಳೆಂದು ನಕ್ಕರು. ನನ್ನ ಕಣ್ಣು ಮಂಜಾಗಿ ತುದಿ ಯಾವುದು ಬುಡ ಯಾವುದು ತಿಳಿಯದು. ನೀಲವ್ವ ತನ್ನ ಬಳೆಗೈಗಳಿಂದ ನನ್ನ ಬೆರಳು ಹಿಡಿದು, “ಹಿಂಗ ತಗೋರಿ, ಹಿಂಗ ಎಳೀರಿ, ಹೆದರಬ್ಯಾಡ್ರಿ, ನಾ ಹರಿಯೂದಿಲ್ಲ,” ಎಂದಳು. ಗಂಟು ಕೂತಿತು.

ಈಗ ಅದೆಲ್ಲ ಕಳೆದು ಒಂದು ವರ್ಷ. ಈ ಬೀದಿಯಲ್ಲಿ ಏಳು ಮನೆಯ ಹೆಂಗಸರು ನಾನು ಹೊಲಿದ ಅಗಲ ಪಟ್ಟಿಯ ಒಳಲಂಗ ಹಾಕುತ್ತಾರೆ. ಹಗ್ಗದ ಮೇಲೆ ಅವು ಸಾಲಾಗಿ ಹಾರುವಾಗ ಯಾವ ಹುಡುಗಿಯರವೆಂದು ಯಾರೂ ಕೇಳುವುದಿಲ್ಲ. ನಾನು ಮನೆಯಲ್ಲಿ ಕುಬಸ ತೊಡುತ್ತೇನೆ. ಖಣ ದಪ್ಪ, ಗಂಟು ಎದೆಯ ಕೆಳಗೆ ಆತು ಹಿಡಿಯುತ್ತದೆ, ಬಾಡೀಸಿನ ಹಂಗಿಲ್ಲ, ಬೇಸಗೆಗೆ ಬಲು ಹಿತ. ಆದರೂ ಗಂಡನ ಕಚೇರಿಯವರು ಬಂದರೆ ಓಡಿಹೋಗಿ ಹುಕ್ಕಿನ ಜಾಕೀಟು ಹಾಕಿಕೊಂಡು ಬರುತ್ತೇನೆ. ಹೋದ ಬೇಸಗೆ ಮೈಸೂರಿಗೆ ಬಂದಿದ್ದಾಗ ನನ್ನ ತಂಗಿ ನನ್ನನ್ನು ನೋಡಿ, “ಇದೇನೇ, ಹುಬ್ಬಳ್ಳಿಯವಳ ಹಾಗೆ!” ಎಂದಳು. ಇಲ್ಲಿ ನನ್ನ ಹೆಸರು ಈಗಲೂ ‘ಮೈಸೂರಾಕಿ’.

ನೀಲವ್ವನಿಗೆ ಹೆಣ್ಣುಮಗು. ದಿನವೂ ಮಧ್ಯಾಹ್ನ ಕೂಸನ್ನು ಎತ್ತಿಕೊಂಡು, “ಅತ್ತಿ, ತವರಿಗೆ ಹೋಗಿ ಬರತೇನಿ,” ಎಂದು ಹೇಳಿ ಅಂಗಳ ದಾಟಿ ನನ್ನ ಕೋಣೆಗೆ ಬರುತ್ತಾಳೆ. ಹತ್ತು ಹೆಜ್ಜೆ. ಗಂಗವ್ವ ಒಳಗಿನಿಂದಲೇ, “ಲಗೂ ಬಾ, ತವರಾಗ ಕುಂತ್ಬಿಟ್ಟೀ!” ಎಂದು ಕೂಗುತ್ತಾರೆ. ಕೂಸಿಗೆ ಎಣ್ಣೆ ತಿಕ್ಕುತ್ತೇವೆ, ಅವರಿವರನ್ನು ಆಡಿಕೊಳ್ಳುತ್ತೇವೆ, ಕೆಲವು ದಿನ ಮೂವರೂ ನಿದ್ದೆ ಹೋಗುತ್ತೇವೆ.

ಮೊನ್ನೆ ಅಮ್ಮನ ಕಾಗದ ಬಂತು. ಈ ಸಲ ಯುಗಾದಿಗೆ ತೌರಿಗೆ ಬಂದರೆ ಮೂರು ತಿಂಗಳಾದರೂ ಇದ್ದು ಹೋಗಬೇಕು ಎಂದು ಬರೆದಿದ್ದಾಳೆ. ಓದುತ್ತಲೇ ನಮ್ಮ ಮನೆಯ ಜಗಲಿ ಕಣ್ಣಿಗೆ ಕಟ್ಟಿ, ಈಗಲೇ ರೈಲು ಹತ್ತಿಬಿಡೋಣ ಎನ್ನಿಸಿತು. ಉತ್ತರ ಬರೆಯಲು ಕುಳಿತು ಎರಡು ಹಾಳೆ ಹರಿದೆ. ಮೂರನೆಯದರಲ್ಲಿ ಬರೆದೆ: ‘ಅಮ್ಮಾ, ಹದಿನೈದು ದಿನಕ್ಕೆ ಬರುತ್ತೇನೆ. ಅದಕ್ಕಿಂತ ಹೆಚ್ಚು ನಿಂತರೆ ಇಲ್ಲಿ ಒಬ್ಬಳ ತೌರುಮನೆಗೆ ಬೀಗ ಬೀಳುತ್ತದೆ.’