ತುದಿಮನಿಗೆ ಹೋದ ನಲವತ್ತು ದಿನ

ಈ ಸಲ ಬೂದಿ ಬುಧವಾರದ ಹಿಂದಿನ ದಿನ ಚರ್ಚಿನ ಹಿತ್ತಲದಾಗ ಹೋದ ವರ್ಷ ಗರಿ ಹಬ್ಬಕ್ಕ ತಂದಿದ್ದ ಒಣಗಿದ ತೆಂಗಿನ ಗರಿ ಸುಡಾಕತ್ತಿದ್ರು. ನಮ್ಮ ಹಣಿಗೆ ಹಚ್ಚೋ ಬೂದಿ ಅದರಿಂದನ ಆಗೋದು. ಆ ಹೊಗಿ ಮೂಗಿಗೆ ಬಡದಿದ್ದ ತಡ, ತೀರಿಹೋದ ಬಾಜೂ ಮನಿ ಅಕ್ಕ ನೆನಪಾದ್ಲು. ಆಕಿ ಜೋಡಿ ನನ್ನ ಹಳೇ ಹೊಟ್ಟಿಕಿಚ್ಚೂ ಎದ್ದು ಕುಂತಿತು...

ಹುಬ್ಬಳ್ಳಿಯ ನಮ್ಮ ಓಣ್ಯಾಗ ಕ್ರೈಸ್ತರ ಮನಿ ಮೂರ. ನಂದು, ಗ್ವಾಡಿಗೆ ಹತ್ತಿದ ಅಕ್ಕಂದು, ಓಣಿ ತುದಿಗೆ ಒಬ್ಬಾಕಿ ಮುದುಕಿ ಆಯಿದು. ಅಕ್ಕ ನನಗಿಂತ ಹತ್ತು ವರ್ಷ ದೊಡ್ಡಾಕಿ. ನಾಲ್ಕು ಹೊಡೀತಂದ್ರ ನಮ್ಮ ಅಡಗಿಮನ್ಯಾಗ ಹಾಜರ್. ಚಹಾ, ಒಂದು ಮುಷ್ಟಿ ಚುರಮರಿ, ಊರ ಮಂದಿ ಸುದ್ದಿ. ಆ ಒಂದು ತಾಸಿನ ಸಲುವಾಗಿ ನಾ ಮುಂಜಾನಿಂದ ಕೆಲಸ ಓಡಸ್ತಿದ್ದೆ ಅಂದ್ರೂ ಸುಳ್ಳಲ್ಲ.

ಆದ್ರ ತಪಸ್ಸುಕಾಲ ಬಂತಂದ್ರ, ಅಂದ್ರ ಬೂದಿ ಬುಧವಾರದಿಂದ ಈಸ್ಟರ್ ಹಬ್ಬದ ತನಕ ನಲವತ್ತು ದಿನ, ಅಕ್ಕ ನಮ್ಮ ಹೊಸ್ತಿಲ ತುಳೀತಿರಲಿಲ್ಲ. ನಾಲ್ಕಕ್ಕ ಸರಿಯಾಗಿ ನಮ್ಮ ಬಾಗಲಾ ದಾಟಿ ಆ ತುದಿಮನಿಗೆ ಹೋಗತಿದ್ಲು. ಆಯಿ ಬಾಯಿ ಅಂದ್ರ ಹಸಿ ಮೆಣಸಿನಕಾಯಿ. ಹಾಲಿನವ, ಕಸದಾಕಿ, ಫಾದರ್, ಯಾರನ್ನೂ ಬಿಟ್ಟಾಕಿ ಅಲ್ಲ. ಸ್ವಂತ ಸೊಸಿ ಸುದ್ದಾ ತಾಳಲಾರದ ಬ್ಯಾರೆ ಮನಿ ಮಾಡಿದ್ಲು. ಅಂಥಾಕಿ ಮನ್ಯಾಗ ಏನೈತಿ? ನನ್ನ ಚಹಾದಾಗ ಏನ್ ಕಡಿಮಿ ಆಗಿತ್ತು? ಕಿಡಕ್ಯಾಗ ನಿಂತು ನೋಡಿ ನೋಡಿ ಉರೀತಿದ್ದೆ.

ಉಪಾಸದಾಗ ನಾನೇನ್ ಕಡಿಮಿ ಇರಲಿಲ್ಲ. ಮಾಂಸ ಬಿಡತಿದ್ದೆ, ಮೀನ ಬಿಡತಿದ್ದೆ, ಬಿಟ್ಟದ್ದನ್ನ ಓಣಿಗೆಲ್ಲಾ ಡಂಗುರ ಸಾರತಿದ್ದೆ. "ನೀವೇನ್ ಬಿಟ್ಟೀರಿ ಅಕ್ಕಾ?" ಅಂತ ಕೇಳಿದ್ರ, "ಅದನ್ನ ಹೇಳಬಾರದವಾ" ಅಂತ ನಗತಿದ್ಲು. ಆ ನಗಿ ಕಂಡ್ರ ನನಗ ಮತ್ತಷ್ಟು ಸಿಟ್ಟು.

ಒಂದು ವರ್ಷ ಈಸ್ಟರ್ ದಿನ ಪೂಜಿ ಮುಗಿಸಿ ನೆಟ್ಟಗ ನಮ್ಮನಿಗೆ ಬಂದ್ಲು, "ಲಗೂ ಚಹಾ ಇಡವಾ" ಅಂತ.

"ಹಾಲ ಇಲ್ರಿ. ತುದಿಮನ್ಯಾಗ ಇರತೈತಿ, ಅಲ್ಲೇ ಹೋಗ್ರಿ" ಅಂದೆ.

ಒಲಿ ಮ್ಯಾಲ ಹಾಲ ಉಕ್ಕಾಕತ್ತಿತ್ತು. ಅಕ್ಕ ಅದನ್ನ ನೋಡಿದ್ಲು, ನನ್ನ ಮುಖಾನೂ ನೋಡಿದ್ಲು... ಸೆರಗು ಸರಿ ಮಾಡಿಕೊಂಡು ತನ್ನ ಮನಿಗೆ ಹೋದ್ಲು. ಮರುದಿನ ನಾಲ್ಕಕ್ಕ ಮತ್ತ ಬಂದ್ಲು. ಚಹಾ ಕೊಟ್ಟೆ ಖರೇ, ತಪ್ಪಾತು ಅನ್ನಲಿಲ್ಲ.

ಮೂರು ವರ್ಷದ ಹಿಂದ, ತಪಸ್ಸುಕಾಲ ಇನ್ನೂ ಮುಗಿಯೋದರಾಗ, ಮಧ್ಯಾಹ್ನ ಮಲಗಿದ ಅಕ್ಕ ಏಳಲಿಲ್ಲ. ಮಣ್ಣ ಮಾಡಿ ಬರೋ ಮುಂದ ಆಯಿ ನನ್ನ ಕೈ ಹಿಡದು ನಿಲ್ಲಿಸಿದ್ಲು.

"ಭಾಳ ಇಷ್ಟದ್ದನ್ನ ಬಿಡಬೇಕು, ಕಠಿಣ ಇದ್ದದ್ದನ್ನ ಮಾಡಬೇಕು ಅಂತಿದ್ಲು. ಅದಕ್ಕ ನಿನ್ನ ಮನಿ ಬಿಟ್ಟು ನನ್ನ ಮನಿಗೆ ಬರತಿದ್ಲು. ನನಗ ಮುಖದ ಮ್ಯಾಲೇ ಹೇಳಿದ್ಲು, ಹುಚ್ಚಿ!" ಅಂದು ನಕ್ಲು, ಅತ್ಲು.

ನನಗ ಅಳು ಬರಲಿಲ್ಲ. ಖರೇ ಹೇಳತೇನಿ, ಹೊಟ್ಟಿ ಉರೀತು. ಅಕ್ಕನ ಕಡೀ ದಿನ ಎಲ್ಲಾ ಈ ಮುದುಕಿ ಪಾಲಾದ್ವಲ್ಲಾ! ನನಗ ಹೇಳದ ಗುಟ್ಟು ಈಕಿಗೆ ಹೇಳಿದ್ಲಲ್ಲಾ! ಆಮ್ಯಾಲ ಮೂರು ವರ್ಷ ಆಯಿ ಜೋಡಿ ನಾ ಮಾತೇ ಆಡಲಿಲ್ಲ.

ಈ ಸಲ ಆ ಗರಿ ಹೊಗಿ ಕುಡದು ಬಂದ ಮರುದಿನದಿಂದ, ದಿನಾ ನಾಲ್ಕಕ್ಕ ತುದಿಮನಿಗೆ ಹೋಗಾಕತ್ತೇನಿ. ಓಣಿ ಮಂದಿ ನನ್ನ ಭಕ್ತಿ ಹೊಗಳತಾರ. ಎಲ್ಲೀ ಭಕ್ತಿ? ಅಕ್ಕ ಅಲ್ಲಿ ಕುಂತು ಆಡಿದ ಮಾತೆಲ್ಲಾ ಆಯಿ ಹತ್ರ ಅದಾವು, ಅವು ನನಗ ಬೇಕು. ಆಯಿ ಬೈದು ಬೈದು, ದಿನಕ್ಕ ಒಂದೊಂದ ಬಿಚ್ಚತಾಳ.

ನಿನ್ನೆ ಅಂದ್ಲು: "ಇಲ್ಲಿ ಕುಂತ್ರೂ ಆಕಿಗೆ ಹಬ್ಬದ್ದ ಧ್ಯಾನ. ದಿನಾ ಬೆರಳ ಮಡಚಿ ಎಣಸ್ತಿದ್ಲು. 'ಒಂಬತ್ತ ದಿನ ಉಳದಾವ ಆಯಿ, ಆಮ್ಯಾಲ ನಾ ಬಾಜೂ ಮನಿ ಚಹಾಕ್ಕ ಹೋಗಾಕಿ' ಅಂದ್ಲು. ಅವತ್ತ ಆಕಿ ಇಲ್ಲಿ ಬಂದದ್ದ ಕಡೀ..."

ಆಗ ನಾನು ಅತ್ತೆ. ಆ ಒಂಬತ್ತು ದಿನಕ್ಕ ಅತ್ತೆ, ಆ ಮುದುಕಿ ಮುಂದ, ಸೆರಗು ಬಾಯಿಗೆ ತುರುಕಿಕೊಂಡು. ಆಯಿ ಬೈಲಿಲ್ಲ.