ರಾಗಿ ಬಿಯರ್ ಕುಡಿದ ಮಧ್ಯಾಹ್ನ

ಹುಳು ಸಾಕುವ ಮನೆಯಲ್ಲಿ ಹೆಂಗಸರ ದಿನಗಳು ಗುಟ್ಟಾಗಿ ಉಳಿಯುವುದಿಲ್ಲ. ಮುಟ್ಟಾದವಳು ಮೂರು ದಿನ ರೇಷ್ಮೆಹುಳುವಿನ ಕೋಣೆಗೆ ಕಾಲಿಡುವಂತಿರಲಿಲ್ಲ. ಅವಳು ಒಳಗಿದ್ದಾಳೋ ಜಗಲಿಯಲ್ಲಿದ್ದಾಳೋ ನೋಡಿದರೆ ಸಾಕು, ಇಡೀ ಬೀದಿಗೆ ತಿಳಿಯುತ್ತಿತ್ತು. ನಾನು ಅಕ್ಕೂರಿನ ಆ ಮನೆಗೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಆ ಸಲ ಜಗಲಿಗೆ ಹೋಗಬೇಕಾದ ದಿನ ಕಳೆದು ಹನ್ನೆರಡು ದಿನವಾಗಿತ್ತು. ಅತ್ತೆ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಆದರೆ ನಾನು ಸೊಪ್ಪಿನ ಹೊರೆಗೆ ಬಗ್ಗಿದರೆ, "ನೀನ್ ಬುಡವ್ವ, ನಾ ತತ್ತೀನಿ" ಎನ್ನತೊಡಗಿದ್ದರು. ಅವರ ಆಸೆ ನೋಡಿ ನನಗೆ ಭಯವಾಗುತ್ತಿತ್ತು.

ರೇಷ್ಮೆಯ ದುಡ್ಡಿನಲ್ಲಿ ಊರಿನ ಹೆಂಚಿನ ಮನೆಗಳು ಒಂದೊಂದಾಗಿ ತಾರಸಿಯಾಗುತ್ತಿದ್ದ ಕಾಲ. ನಮ್ಮ ಕಸುಬು ನೋಡಲು ಹೊರದೇಶದವರೂ ಬರುತ್ತಿದ್ದರು. ಕೀನ್ಯಾದಿಂದ ತರಬೇತಿಗೆ ಬಂದಿದ್ದ ಒಬ್ಬ ಹೆಂಗಸಿಗೂ ನನಗೂ ನನ್ನ ಹರಕುಮುರುಕು ಇಂಗ್ಲಿಷಿನಲ್ಲೇ ಸ್ನೇಹವಾಗಿತ್ತು. ತನ್ನೂರಿಗೆ ಹೊರಡುವ ಮುಂಚೆ ಒಂದು ಮಧ್ಯಾಹ್ನ ಹೇಳಿಹೋಗಲು ಬಂದಳು. ಅತ್ತೆ ಉಂಡು ಒರಗಿದ್ದರು. ನನ್ನ ಗಂಡ ಚಂದ್ರಿಕೆ, ಅಂದರೆ ಹುಳು ಗೂಡು ಕಟ್ಟುವ ಬಿದಿರ ತಟ್ಟಿ, ಬಾಡಿಗೆಗೆ ತರಲು ಹೋಗಿದ್ದರು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕೂತು ಅವಳು ಚೀಲದಿಂದ ಒಂದು ಬಾಟಲಿ ತೆಗೆದಳು. ತನ್ನ ದೇಶವೂ ಬಿಸಿಲಿನದೇ, ಅಲ್ಲಿ ತನ್ನ ತಮ್ಮ ಮನೆಯ ಹಿಂದಿನ ಕೊಠಡಿಯಲ್ಲಿ ಒಂದೊಂದೇ ಹಂಡೆ ಕಾಯಿಸಿ ಮಾಡುವ ಬಿಯರ್ ಇದು, ಕಂಪನಿಯದಲ್ಲ ಎಂದಳು. ಹಿಂದೊಮ್ಮೆ ನಮ್ಮ ಮೊರದಲ್ಲಿದ್ದ ರಾಗಿ ನೋಡಿ ನೆಂಟರು ಸಿಕ್ಕಂತೆ ಖುಷಿಪಟ್ಟಿದ್ದವಳು. ಇದೂ ಅದೇ ಕಾಳಿನದು ಎಂದಳು.

ನನ್ನನ್ನು ಕೆಡಿಸಿದ್ದು ಆ ರಾಗಿಯೇ. ಹೆಂಡ ಎಂದಿದ್ದರೆ ಮುಟ್ಟುತ್ತಿರಲಿಲ್ಲ. ದಿನಾ ಉಣ್ಣುವ ರಾಗಿ ಏನು ಮಾಡೀತು ಎಂದು ಲೋಟ ಹಿಡಿದೆ. ನೊರೆ ಮೂಗಿಗೆ ಹತ್ತಿತು. ಮೊದಲು ಎರಡು ದಿನದ ಅಂಬಲಿಯ ಹುಳಿ, ಆಮೇಲೆ ಸೀದ ಬೆಲ್ಲ, ಕೊನೆಗೆ ಗಂಟಲಲ್ಲಿ ಹಾಗಲಕಾಯಿ. ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ಅರ್ಧ ಲೋಟ ಕುಡಿದೆ.

ಅವಳು ಬಸ್ಸು ಹತ್ತಿದ ಮೇಲೆ ನನಗೆ ತೇಗು ಬಂತು, ಆಗಲೇ ಹುಳುವಿನ ನೆನಪಾಯಿತು. ನಮ್ಮ ಹುಳು ಕೊನೆಯ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ ಎದ್ದು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಬೀಡಿ ಸೇದಿದವನನ್ನೂ ಕುಡಿದವನನ್ನೂ ಅತ್ತೆ ಆ ಕೋಣೆಯ ಹೊಸ್ತಿಲು ತುಳಿಯಲು ಬಿಡುತ್ತಿರಲಿಲ್ಲ. ಕುಡಿದ ಆಳು ಒಳಗೆ ಹೋಗಿದ್ದಕ್ಕೆ ಪಕ್ಕದ ಮನೆಯ ಹುಳುವೆಲ್ಲ ಸತ್ತವು ಎಂದು ಊರೇ ನಂಬಿತ್ತು, ನಾನೂ ನಂಬಿದ್ದೆ. ಸೀಬೆ ಎಲೆ ಅಗಿದೆ, ಉಪ್ಪುನೀರು ಮುಕ್ಕಳಿಸಿದೆ. ತೇಗು ಮತ್ತೆ ಬಂತು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅದಕ್ಕೂ ಕುಡಿಸಿಬಿಟ್ಟೆನಲ್ಲ ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಅತ್ತೆ ಸೊಪ್ಪು ಹಾಕಲು ಕರೆದರು.

"ಅತ್ತೆ, ನಾ ಒಳೀಕೆ ಬರಂಗಿಲ್ಲ" ಎಂದೆ, ದೂರದಿಂದಲೇ.

"ಯಾಕವ್ವ?"

"ಹೊರ್ಗಾದೆ."

ಹುಳು ಉಳಿಸಲು ನನಗೆ ಹೊಳೆದಿದ್ದು ಅದೊಂದೇ ದಾರಿ. ಅತ್ತೆ ಒಂದು ಗಳಿಗೆ ಬಾಗಿಲ ಚೌಕಟ್ಟು ಹಿಡಿದು ನಿಂತರು. "ಹೋಗ್ಲಿ ಬುಡು" ಎಂದು ಒಳಗೆ ಹೋದರು. ಮೂರು ದಿನ ಒಬ್ಬರೇ ದುಡಿದರು. ನಾನು ಜಗಲಿಯಲ್ಲಿ ಕೂತು, ಹುಳು ಸೊಪ್ಪು ಮೇಯುವ ಮಳೆಯಂಥ ಸದ್ದು ನಿಂತೀತೇನೋ ಎಂದು ಕಿವಿಗೊಟ್ಟು ಕೇಳುತ್ತಿದ್ದೆ. ಸದ್ದು ನಿಲ್ಲಲಿಲ್ಲ. ನನಗೆ ನಿದ್ದೆಯೂ ಬರಲಿಲ್ಲ.

ನಾಲ್ಕನೆಯ ದಿನ ಹುಳು ಮೇಯುವುದು ಬಿಟ್ಟು ಗೂಡು ಕಟ್ಟಲು ಹಣ್ಣಾದವು. ತಲೆಗೆ ನೀರು ಹಾಕಿಕೊಂಡು ಒಳಗೆ ಹೋದೆ. ಇಬ್ಬರೂ ಕೂತು ಹಣ್ಣುಹುಳು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದೆವು. ಅತ್ತೆಯ ಕಣ್ಣು ಊದಿತ್ತು. ತಡೆಯಲಾಗಲಿಲ್ಲ, ಬಾಟಲಿಯಿಂದ ಹಿಡಿದು ಎಲ್ಲ ಹೇಳಿಬಿಟ್ಟೆ. ಬೈಗುಳಕ್ಕೆ ತಲೆ ತಗ್ಗಿಸಿಯೇ ಕೂತಿದ್ದೆ.

"ಹಂಗಾರೆ ನೀನ್ ಹೊರ್ಗಾಗಿರ್ನಿಲ್ವಾ?" ಎಂದರು ಅತ್ತೆ.

"ಇಲ್ಲ ಅತ್ತೆ."

"ಹುಳಕ್ಕೆ ಹೆದ್ರಿ ನನ್ನ ಅಳುಸ್ಬುಟ್ಟಲ್ಲವ್ವ" ಎಂದು ನಕ್ಕರು. ನಗುತ್ತಲೇ ಎದ್ದುಹೋಗಿ ಒಂದು ಅಚ್ಚು ಬೆಲ್ಲ ತಂದು ನನ್ನ ಬಾಯಿಗಿಟ್ಟರು. ಆಮೇಲೆ ಬಗ್ಗಲೂ ಬಿಡಲಿಲ್ಲ. ಆ ಬೆಲ್ಲ ನುಂಗಲು ನಾನು ಪಟ್ಟ ಪಾಡು ನನಗೇ ಗೊತ್ತು.

ಐದು ದಿನ ಕಳೆದು ಗೂಡು ಬಿಡಿಸುವ ಹೊತ್ತಿಗೆ ನಿಜವಾಗಿಯೂ ಮುಟ್ಟಾದೆ. ಹಿತ್ತಿಲಲ್ಲಿ ಎಷ್ಟೋ ಹೊತ್ತು ನಿಂತಿದ್ದು, ಬಂದು ಜಗಲಿಯ ಮೂಲೆಯಲ್ಲಿ ಕೂತೆ. ಗೂಡು ತುಂಬಿದ ಕುಕ್ಕೆ ಸೊಂಟಕ್ಕಿಟ್ಟು ಹೊರಬಂದ ಅತ್ತೆ ನನ್ನನ್ನು ಕಂಡು ನಿಂತರು. ಗೂಡು ಅಷ್ಟು ಬೆಳ್ಳಗೆ, ಅಷ್ಟು ಗಟ್ಟಿಯಾಗಿ ಎಂದೂ ಬಂದಿರಲಿಲ್ಲ. ಕುಕ್ಕೆ ಇಳಿಸಿ ನನ್ನ ಹತ್ತಿರ ಬಂದರು, ದನಿ ತಗ್ಗಿಸಿದರು.

"ಇವತ್ತೇನ್ ಕುಡ್ದೆ ಮಗ?"

ಕುಡಿದೆ ಎನ್ನಲಿ ಎಂದು ಅವರ ಕಣ್ಣು ಬೇಡುತ್ತಿತ್ತು.